ಒಂದೇ ಸೂಜಿ, ಎರಡು ಕಾಮಾಲೆ



"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ" ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ರೋಗ ಬಂದರೆ ಕಣ್ಣು ಹಳದಿಯಾಗುತ್ತದೆ, ಕಣ್ಣು ನೋಡಿದರೆ ರೋಗ ತಿಳಿಯುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಅದು ಅರ್ಧ ಮಾತ್ರ ನಿಜ. ಕಣ್ಣನ್ನು ಹಳದಿ ಮಾಡದೆ ಇಪ್ಪತ್ತು, ಮೂವತ್ತು ವರ್ಷ ಯಕೃತ್ತಿನಲ್ಲಿ ಸದ್ದಿಲ್ಲದೆ ಕುಳಿತಿರುವ ಕಾಮಾಲೆಗಳೂ ಇವೆ. ಅವುಗಳಲ್ಲಿ ಎರಡರ ಹೆಸರು ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ. ಈ ಎರಡೂ ಒಬ್ಬನೇ ಮನುಷ್ಯನ ದೇಹದಲ್ಲಿ ಒಟ್ಟಿಗೆ ನೆಲೆಸುವುದು ಎಷ್ಟು ಸಾಮಾನ್ಯ? ಹಾಗೆ ನೆಲೆಸಲು ಕಾರಣವೇನು? ಈ ಪ್ರಶ್ನೆಗಳ ಹಿಂದೆ ನೂರು ವರ್ಷಕ್ಕೂ ಮೀರಿದ ಒಂದು ಚರಿತ್ರೆ ಇದೆ. ಅದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆ ನನಗೆ ಬಂದದ್ದು ಪುಸ್ತಕದಿಂದಲ್ಲ, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ. 2017ರ ಬೇಸಿಗೆ. ಮಾಮ ಪಡಸಾಲೆಯಲ್ಲಿ ಕುಳಿತು ರಕ್ತಪರೀಕ್ಷೆಯ ಎರಡು ಚೀಟಿಗಳನ್ನು ನನ್ನ ಕೈಗಿಟ್ಟರು. ಒಂದು ಹಳೆಯದು, 2003ರದ್ದು, ಅದರಲ್ಲಿ "ಬಿ" ಇದೆ ಎಂದು ಬರೆದಿತ್ತು. ಇನ್ನೊಂದು ಹೊಸದು, ಅದರಲ್ಲಿ "ಸಿ" ಕೂಡ ಇದೆ ಎಂದಿತ್ತು. "ಕಾಮಣಿ ಅಂದ್ರ ಒಂದೇ ಅಲ್ಲೇನಪಾ? ಬಿ ಅಂತಾರ, ಸಿ ಅಂತಾರ. ಇದೇನು ಇಸ್ಕೂಲಿನ ಸೆಕ್ಷನ್ನೇನು?" ಎಂದು ಕೇಳಿದರು. ನಾನು ವಿಜ್ಞಾನದ ಪದವೀಧರ. ಆದರೂ ಆ ದಿನ ನನಗೆ ಸರಿಯಾದ ಉತ್ತರ ಹೇಳಲಾಗಲಿಲ್ಲ. ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನೀರಿನ ಕಾಮಾಲೆ, ರಕ್ತದ ಕಾಮಾಲೆ

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಕಾಮಾಲೆ ಎಂಬುದು ರೋಗದ ಹೆಸರಲ್ಲ, ರೋಗದ ಲಕ್ಷಣ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಹೊರಹಾಕಬೇಕು. ಯಕೃತ್ತು ಊದಿಕೊಂಡು ಸೋತಾಗ ಆ ವಸ್ತು ರಕ್ತದಲ್ಲೇ ಉಳಿದು ಕಣ್ಣು, ಚರ್ಮಗಳಿಗೆ ಬಣ್ಣ ಹಚ್ಚುತ್ತದೆ. ಯಕೃತ್ತು ಹೀಗೆ ಊದಿಕೊಳ್ಳುವುದಕ್ಕೆ ಹೆಪಟೈಟಿಸ್ ಎನ್ನುತ್ತಾರೆ.

ವೈರಾಣುಗಳಿಂದ ಬರುವ ಹೆಪಟೈಟಿಸ್ ಮುಖ್ಯವಾಗಿ ಎರಡು ದಾರಿಗಳಲ್ಲಿ ಹರಡುತ್ತದೆ. ಒಂದು ನೀರು ಮತ್ತು ಆಹಾರದ ದಾರಿ. 1955-56ರಲ್ಲಿ ದೆಹಲಿಯಲ್ಲಿ ಕುಡಿಯುವ ನೀರಿಗೆ ಚರಂಡಿಯ ನೀರು ಸೇರಿ 29,000ಕ್ಕೂ ಹೆಚ್ಚು ಜನರಿಗೆ ಕಾಮಾಲೆಯಾಯಿತು. ಅದಕ್ಕೆ ಕಾರಣ ಇಂದು ನಾವು ಹೆಪಟೈಟಿಸ್ ಇ ಎಂದು ಕರೆಯುವ ವೈರಾಣು ಎಂಬುದು ಎಷ್ಟೋ ವರ್ಷಗಳ ನಂತರ ತಿಳಿಯಿತು. ಎ ಮತ್ತು ಇ ಈ ದಾರಿಯವು. ಅವು ಬಂದು ಕಾಡುತ್ತವೆ, ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಹೋಗುತ್ತವೆ.

ಇನ್ನೊಂದು ರಕ್ತದ ದಾರಿ. ಬಿ ಮತ್ತು ಸಿ ಈ ದಾರಿಯವು. ಸೋಂಕಿರುವ ರಕ್ತ, ಒಬ್ಬರಿಗೆ ಬಳಸಿ ಇನ್ನೊಬ್ಬರಿಗೆ ಚುಚ್ಚಿದ ಸೂಜಿ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ, ಲೈಂಗಿಕ ಸಂಪರ್ಕ ಇವು ಅವುಗಳ ಮಾರ್ಗಗಳು. ಎರಡೂ ವೈರಾಣುಗಳು ಎಲ್ಲ ಮಾರ್ಗಗಳಲ್ಲೂ ಸಮಾನ ವೇಗದಲ್ಲಿ ಸಾಗುವುದಿಲ್ಲ. ತಾಯಿಯಿಂದ ಮಗುವಿಗೆ ಹರಡುವುದರಲ್ಲಿ ಬಿ ಮುಂದೆ. ರಕ್ತ ಮತ್ತು ಸೂಜಿ ಮಾತ್ರ ಇಬ್ಬರಿಗೂ ಸೇರಿದ ಹೆದ್ದಾರಿ. ಇದನ್ನು ನೆನಪಿಡಿ, ಮುಂದೆ ಲೆಕ್ಕ ಮಾಡುವಾಗ ಬೇಕಾಗುತ್ತದೆ.

ಸೂಜಿಯ ಮೇಲೆ ಮೊದಲ ಅನುಮಾನ

ರಕ್ತದಿಂದ ಕಾಮಾಲೆ ಹರಡಬಹುದೆಂಬ ಮೊದಲ ಸ್ಪಷ್ಟ ಸುಳಿವು ಸಿಕ್ಕಿದ್ದು ಜರ್ಮನಿಯ ಬ್ರೆಮೆನ್ ನಗರದಲ್ಲಿ. ಅಲ್ಲಿ ಹಡಗು ಕಟ್ಟುವ 1,289 ಮಂದಿ ಕೆಲಸಗಾರರಿಗೆ ಸಿಡುಬಿನ ವಿರುದ್ಧ ಲಸಿಕೆ ಹಾಕಲಾಯಿತು. ಆ ಲಸಿಕೆಯನ್ನು ಬೇರೆ ಮನುಷ್ಯರ ದೇಹದ ದ್ರವದಿಂದ ತಯಾರಿಸಿದ್ದರು. ಕೆಲವು ವಾರಗಳಿಂದ ಎಂಟು ತಿಂಗಳೊಳಗೆ ಅವರಲ್ಲಿ 191 ಮಂದಿಗೆ ಕಾಮಾಲೆಯಾಯಿತು. ಬೇರೆ ಲಸಿಕೆ ಪಡೆದವರಿಗೆ ಏನೂ ಆಗಲಿಲ್ಲ. ಇದನ್ನು ಗಮನಿಸಿದ ಲ್ಯೂರ್ಮನ್ ಎಂಬ ವೈದ್ಯ 1885ರಲ್ಲಿ ವರದಿ ಬರೆದ. ವೈರಾಣು ಎಂಬ ಕಲ್ಪನೆಯೇ ಹುಟ್ಟದ ಕಾಲವದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮತ್ತೊಂದು ಸಂಗತಿ ನಡೆಯಿತು. ಸಿಫಿಲಿಸ್ ರೋಗಕ್ಕೆ ಆಗ ಪಾಷಾಣದ ಅಂಶವಿರುವ ಸಾಲ್ವರ್ಸನ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚುತ್ತಿದ್ದರು. ಚಿಕಿತ್ಸೆ ಪಡೆದವರಲ್ಲಿ ಅನೇಕರಿಗೆ ತಿಂಗಳುಗಳ ನಂತರ ಕಾಮಾಲೆ ಬರುತ್ತಿತ್ತು. ಎಲ್ಲರೂ ಪಾಷಾಣವನ್ನೇ ದೂರಿದರು. 1940ರ ದಶಕದಲ್ಲಿ ಬ್ರಿಟನ್ನಿನ ವೈದ್ಯರು ಬೇರೆಯದನ್ನು ಗಮನಿಸಿದರು. ಆ ಚಿಕಿತ್ಸಾಲಯಗಳಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಸೂಜಿ ಬದಲಾಗುತ್ತಿತ್ತು, ಸಿರಿಂಜು ಬದಲಾಗುತ್ತಿರಲಿಲ್ಲ. ಸೂಜಿ ರಕ್ತನಾಳದೊಳಗೆ ಇಳಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಹಿಂದಕ್ಕೆ ಸಿರಿಂಜಿನೊಳಗೆ ಬರುತ್ತದೆ. ಅಪರಾಧಿ ಔಷಧಿಯಲ್ಲ, ಗಾಜಿನ ಸಿರಿಂಜು.

1942ರಲ್ಲಿ ಅಮೆರಿಕದ ಸೈನ್ಯದಲ್ಲಿ ಇನ್ನೂ ದೊಡ್ಡ ಅನಾಹುತವಾಯಿತು. ಸೈನಿಕರಿಗೆ ಹಾಕಿದ ಹಳದಿ ಜ್ವರದ ಲಸಿಕೆಯಲ್ಲಿ ಮನುಷ್ಯರ ರಕ್ತಸಾರ ಬೆರೆತಿತ್ತು. ಸುಮಾರು 50,000 ಸೈನಿಕರು ಕಾಮಾಲೆಯಿಂದ ಮಲಗಿದರು. ಲಕ್ಷಣವಿಲ್ಲದೆ ಸೋಂಕು ತಗುಲಿದವರನ್ನೂ ಸೇರಿಸಿದರೆ ಸಂಖ್ಯೆ 3,30,000ದವರೆಗೆ ಇರಬಹುದೆಂದು 1987ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. 1947ರಲ್ಲಿ ಬ್ರಿಟನ್ನಿನ ಮ್ಯಾಕಲಂ ಎಂಬ ವೈದ್ಯರು ನೀರಿನ ದಾರಿಯದಕ್ಕೆ "ಎ", ರಕ್ತದ ದಾರಿಯದಕ್ಕೆ "ಬಿ" ಎಂದು ಹೆಸರಿಟ್ಟರು. ನನ್ನ ಮಾಮ ಕೇಳಿದ "ಸೆಕ್ಷನ್" ಶುರುವಾದದ್ದು ಹೀಗೆ.

ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ಬಿ ವೈರಾಣುವಿನ ಗುರುತು ಹಿಡಿದ ಬಾರೂಕ್ ಬ್ಲೂಂಬರ್ಗ್ ಕಾಮಾಲೆಯನ್ನು ಹುಡುಕುತ್ತಿರಲಿಲ್ಲ. ಬೇರೆ ಬೇರೆ ಜನಾಂಗಗಳ ರಕ್ತದಲ್ಲಿರುವ ಪ್ರೋಟೀನುಗಳ ವ್ಯತ್ಯಾಸ ಅವರ ಆಸಕ್ತಿ. ಹಿಮೋಫಿಲಿಯಾ ಇರುವವರು ಅನೇಕರಿಂದ ರಕ್ತ ಪಡೆದಿರುತ್ತಾರೆ. ಆದ್ದರಿಂದ ಅವರ ರಕ್ತದಲ್ಲಿ ಹಲವು ಬಗೆಯ ಪ್ರತಿಕಾಯಗಳು ಇರುತ್ತವೆ. 1963ರಲ್ಲಿ ಅಂಥ ಒಬ್ಬರ ರಕ್ತಸಾರ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತಸಾರದ ಜೊತೆ ಸೇರಿದಾಗ ಬಿಳಿಯ ಗೆರೆಯೊಂದು ಮೂಡಿತು. 1965ರಲ್ಲಿ ಅದು ಪ್ರಕಟವಾಯಿತು. "ಆಸ್ಟ್ರೇಲಿಯಾ ಆಂಟಿಜೆನ್" ಎಂಬ ಹೆಸರೂ ಬಂತು. ಅದು ಏನು ಎಂಬುದು ಮಾತ್ರ ಗೊತ್ತಿರಲಿಲ್ಲ.

1967ರಲ್ಲಿ ಅವರ ಪ್ರಯೋಗಾಲಯದ ತಂತ್ರಜ್ಞೆ ಬಾರ್ಬರಾ ವರ್ನರ್ ಅವರಿಗೆ ಮೈ ಹುಷಾರಿಲ್ಲದಂತಾಯಿತು. ಅವರು ತಮ್ಮದೇ ರಕ್ತವನ್ನು ಪರೀಕ್ಷಿಸಿದರು. ಹಿಂದೆ ಇರದಿದ್ದ ಆಂಟಿಜೆನ್ ಈಗ ಇತ್ತು. ನಂತರ ಹೆಪಟೈಟಿಸ್ ಕಾಣಿಸಿಕೊಂಡಿತು. ಹೀಗೆ ಆ ಆಂಟಿಜೆನ್ ಬಿ ವೈರಾಣುವಿನ ಹೊರಕವಚದ ಭಾಗ ಎಂಬುದು ಖಚಿತವಾಗುತ್ತ ಬಂತು. ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಹುಮಾನ ಬಂತು. ಅವರು 1986ರಲ್ಲಿ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಕೆಲವು ತಿಂಗಳು ನಮ್ಮ ಬೆಂಗಳೂರಿನಲ್ಲೇ ಇದ್ದರು. ಅವರ ಜನ್ಮದಿನವಾದ ಜುಲೈ 28 ಇಂದು ವಿಶ್ವ ಹೆಪಟೈಟಿಸ್ ದಿನ.

1965ರ ಆ ಲೇಖನದಲ್ಲಿ ಬ್ಲೂಂಬರ್ಗ್ ಜೊತೆ ಇನ್ನೊಂದು ಹೆಸರೂ ಇತ್ತು: ಹಾರ್ವೆ ಆಲ್ಟರ್. ಅವರು ಅಮೆರಿಕದ ಸರ್ಕಾರಿ ಸಂಶೋಧನಾ ಆಸ್ಪತ್ರೆಯೊಂದರ ರಕ್ತನಿಧಿಯಲ್ಲಿದ್ದರು. ಅಲ್ಲಿ 1960ರ ದಶಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆಗಾಗಿ ರಕ್ತ ಪಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೆಪಟೈಟಿಸ್ ಬರುತ್ತಿತ್ತು. 1970ರಲ್ಲಿ ಹಣಕ್ಕೆ ರಕ್ತ ಮಾರುವವರನ್ನು ಬಿಟ್ಟು, ಸ್ವಯಂಪ್ರೇರಿತ ದಾನಿಗಳ ರಕ್ತವನ್ನೇ ಬಳಸಲು ಆರಂಭಿಸಿದರು, ಬಿ ಪರೀಕ್ಷೆಯನ್ನೂ ತಂದರು. ಹೆಪಟೈಟಿಸ್ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಳಿಯಿತು. ಆದರೆ ನಿಲ್ಲಲಿಲ್ಲ. ಉಳಿದದ್ದು ಬಿ ಅಲ್ಲ. 1975ರಲ್ಲಿ ಅದು ಎ ಕೂಡ ಅಲ್ಲ ಎಂದು ತಿಳಿಯಿತು. ಆಗ ಅದಕ್ಕೆ "ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್" ಎಂಬ ವಿಚಿತ್ರ ಹೆಸರು ಬಂತು. ಹದಿನಾಲ್ಕು ವರ್ಷ ಅದೇ ಹೆಸರಿನಲ್ಲಿ ಓಡಾಡಿದ ಈ ಅಪರಿಚಿತನನ್ನು 1989ರಲ್ಲಿ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ, ಡೇನಿಯಲ್ ಬ್ರಾಡ್ಲಿ ಇವರು ಅದರ ಆನುವಂಶಿಕ ತುಣುಕಿನಿಂದ ಪತ್ತೆ ಹಚ್ಚಿದರು. ಅದೇ ಹೆಪಟೈಟಿಸ್ ಸಿ. 2020ರ ನೊಬೆಲ್ ಬಹುಮಾನವನ್ನು ಆಲ್ಟರ್, ಹೌಟನ್ ಮತ್ತು ಚಾರ್ಲ್ಸ್ ರೈಸ್ ಹಂಚಿಕೊಂಡರು.

ಈ ಇಸವಿಗಳನ್ನು ಒಂದಕ್ಕೊಂದು ಜೋಡಿಸಿ ನೋಡಿ. ಬಿ ಪರೀಕ್ಷೆ 1970ರ ಹೊತ್ತಿಗೆ ಇತ್ತು. ಸಿ ವೈರಾಣು ಸಿಕ್ಕಿದ್ದೇ 1989ರಲ್ಲಿ. ನಡುವಿನ ವರ್ಷಗಳಲ್ಲಿ ರಕ್ತ ಪಡೆದವರಿಗೆ ಸಿ ಇದೆಯೇ ಎಂದು ಹೇಳಬಲ್ಲವರು ಜಗತ್ತಿನಲ್ಲೇ ಇರಲಿಲ್ಲ.

ನಮ್ಮ ಓಣಿಯ ಸ್ಟೀಲ್ ಡಬ್ಬಿ

ಈಗ ಸತ್ಯನಾರಾಯಣಪೇಟೆಗೆ ಮರಳೋಣ. ನಾನು ಚಿಕ್ಕವನಿದ್ದಾಗ, 1980ರ ದಶಕದ ಕೊನೆಯಲ್ಲಿ, ರಜೆಗೆ ಮಾಮನ ಮನೆಗೆ ಹೋಗುತ್ತಿದ್ದೆ. ಜ್ವರ ಬಂದರೆ ಹತ್ತಿರದ ಒಂದು ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದರು. ಸಿರುಗುಪ್ಪ, ಕುರುಗೋಡು ಕಡೆಯಿಂದ ಬಸ್ಸಿನಲ್ಲಿ ಬಂದ ರೈತರು ಬೆಂಚಿನ ಮೇಲೆ ಸಾಲಾಗಿ ಕುಳಿತಿರುತ್ತಿದ್ದರು. ಗುಳಿಗೆ ಕೊಟ್ಟರೆ ಯಾರಿಗೂ ಸಮಾಧಾನವಿಲ್ಲ. "ಒಂದು ಸೂಜಿ ಹಾಕ್ರೀ" ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಸ್ಟೌವಿನ ಮೇಲೆ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಕುದಿಯುವ ನೀರು, ನೀರಿನಲ್ಲಿ ಗಾಜಿನ ಸಿರಿಂಜು. ಜನ ಕಡಿಮೆಯಿದ್ದಾಗ ಕಾಂಪೌಂಡರು ಚೆನ್ನಾಗಿ ಕುದಿಸುತ್ತಿದ್ದರು. ಸಾಲು ಉದ್ದವಾದರೆ ಸೂಜಿ ಮಾತ್ರ ಬದಲಾಯಿಸಿ, ಸಿರಿಂಜನ್ನು ಬಿಸಿನೀರಲ್ಲಿ ಒಮ್ಮೆ ಅದ್ದಿ ತೆಗೆಯುತ್ತಿದ್ದರು. ಬ್ರಿಟನ್ನಿನ ಚಿಕಿತ್ಸಾಲಯಗಳ ಕಥೆ ಓದುವಾಗ ನನಗೆ ಆ ಡಬ್ಬಿಯೇ ಕಣ್ಣ ಮುಂದೆ ಬಂತು.

ಆ ಕಾಂಪೌಂಡರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಅದು ಒಂದು ಓಣಿಯ ದೋಷವೂ ಅಲ್ಲ. 2002-03ರ ಸುಮಾರಿಗೆ ದೇಶವ್ಯಾಪಿಯಾಗಿ ನಡೆದ ಸಮೀಕ್ಷೆಯೊಂದರಲ್ಲಿ ಭಾರತದಲ್ಲಿ ಕೊಡುವ ಚುಚ್ಚುಮದ್ದುಗಳಲ್ಲಿ ನೂರಕ್ಕೆ ಸುಮಾರು 63 ಅಸುರಕ್ಷಿತ ಎಂದು ಕಂಡುಬಂತು. ಒಮ್ಮೆ ಬಳಸಿದರೆ ತಾನಾಗಿಯೇ ಲಾಕ್ ಆಗುವ ಸಿರಿಂಜುಗಳು ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ 2005ರಲ್ಲಿ ಬಂದವು. ಅದರ ನಂತರವೂ, 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಬಿ ಹರಡಿ ಅನೇಕರು ಸತ್ತರು.

ಒಳ್ಳೆಯ ಉದ್ದೇಶವೂ ಇಲ್ಲಿ ರಕ್ಷಣೆ ಕೊಡುವುದಿಲ್ಲ ಎಂಬುದಕ್ಕೆ ಈಜಿಪ್ಟ್ ಸಾಕ್ಷಿ. ನೈಲ್ ನದಿಯ ಕಾಲುವೆಗಳಲ್ಲಿ ಹರಡುವ ಒಂದು ಹುಳುವಿನ ರೋಗವನ್ನು ಓಡಿಸಲು ಅಲ್ಲಿನ ಸರ್ಕಾರ 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಹಳ್ಳಿ ಹಳ್ಳಿಗಳಲ್ಲಿ ಆಂಟಿಮನಿ ಲವಣದ ಚುಚ್ಚುಮದ್ದು ಕೊಟ್ಟಿತು. ಸಿರಿಂಜುಗಳನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಮತ್ತೆ ಬಳಸಿದ್ದರಿಂದ ಆ ದೇಶ ಜಗತ್ತಿನಲ್ಲೇ ಅತಿ ಹೆಚ್ಚು ಹೆಪಟೈಟಿಸ್ ಸಿ ಇರುವ ದೇಶಗಳ ಸಾಲಿಗೆ ಸೇರಿತು. 2018ರಲ್ಲಿ ಅದೇ ಈಜಿಪ್ಟ್ ಕೋಟ್ಯಂತರ ಜನರನ್ನು ಪರೀಕ್ಷಿಸಿ ಚಿಕಿತ್ಸೆ ಕೊಡಲು ಹೊರಟು ಯಶಸ್ವಿಯಾಯಿತು ಎಂಬುದನ್ನೂ ಹೇಳಬೇಕು.

ರಕ್ತದ ವಿಷಯ ಬೇರೆ. ನಮ್ಮ ದೇಶದಲ್ಲಿ ಹಣಕ್ಕೆ ರಕ್ತ ಮಾರುವ ಪದ್ಧತಿ ಬಹಳ ಕಾಲ ಇತ್ತು. "ಕಾಮನ್ ಕಾಸ್" ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಅದರಂತೆ 1998ರ ಜನವರಿ 1ರಿಂದ ಆ ಪದ್ಧತಿ ನಿಷೇಧವಾಯಿತು. ದಾನವಾಗಿ ಬಂದ ಪ್ರತಿ ಬಾಟಲಿ ರಕ್ತವನ್ನೂ ಸಿ ವೈರಾಣುವಿಗಾಗಿ ಪರೀಕ್ಷಿಸುವುದು ಕಡ್ಡಾಯವಾದದ್ದು 2001ರಲ್ಲಿ. ನನ್ನ ಮಾಮನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡು ಬಾಟಲಿ ರಕ್ತ ಕೊಟ್ಟದ್ದು 1992ರಲ್ಲಿ. ಅವರಿಗೆ ಸೋಂಕು ಬಂದದ್ದು ಆ ರಕ್ತದಿಂದಲೋ, ಓಣಿಯ ಸಿರಿಂಜಿನಿಂದಲೋ, ಮತ್ತೆಲ್ಲಿಂದಲೋ ಈಗ ಯಾರೂ ಹೇಳಲಾರರು.

ಪೆನ್ಸಿಲ್ ತೆಗೆದುಕೊಳ್ಳಿ

ಈಗ ನಮ್ಮ ಮುಖ್ಯ ಪ್ರಶ್ನೆ. ಎರಡೂ ಸೋಂಕು ಒಟ್ಟಿಗೆ ಇರುವುದು ಎಷ್ಟು ಸಾಮಾನ್ಯ?

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಬಿ ಸೋಂಕಿನೊಂದಿಗೆ ಬದುಕುತ್ತಿದ್ದವರು 25.4 ಕೋಟಿ, ಸಿ ಸೋಂಕಿನೊಂದಿಗೆ 5 ಕೋಟಿ. ಭಾರತದಲ್ಲಿ ಬಿ ಇದ್ದವರು ಸುಮಾರು 2.98 ಕೋಟಿ, ಸಿ ಇದ್ದವರು ಸುಮಾರು 55 ಲಕ್ಷ. ನಮ್ಮ ಜನಸಂಖ್ಯೆಯನ್ನು 140 ಕೋಟಿ ಎಂದು ಹಿಡಿಯಿರಿ. ನೂರಕ್ಕೆ ಸುಮಾರು 2.1 ಮಂದಿಗೆ ಬಿ, ನೂರಕ್ಕೆ ಸುಮಾರು 0.4 ಮಂದಿಗೆ ಸಿ ಎಂದಾಯಿತು.

ಗಣಿತದ ತರಗತಿಯಲ್ಲಿ ನೀವು ಸಂಭವನೀಯತೆ ಕಲಿತಿದ್ದೀರಿ. ಒಂದು ನಾಣ್ಯದ ಫಲಿತಾಂಶಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲದಿದ್ದರೆ ಎರಡರ ಸಂಭವನೀಯತೆಯನ್ನು ಗುಣಿಸಬೇಕು. ಬಿ ಮತ್ತು ಸಿ ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದು ಸದ್ಯಕ್ಕೆ ಭಾವಿಸೋಣ. ಆಗ ಬಿ ಇರುವವರಲ್ಲೂ ನೂರಕ್ಕೆ 0.4 ಮಂದಿಗೆ, ಅಂದರೆ ಸಾವಿರಕ್ಕೆ ನಾಲ್ವರಿಗೆ ಮಾತ್ರ ಸಿ ಇರಬೇಕು. ಇಡೀ ದೇಶದಲ್ಲಿ ಎರಡೂ ಇರುವವರು ಸುಮಾರು 1.17 ಲಕ್ಷ ಮಾತ್ರ ಆಗಬೇಕು.

ಆದರೆ ರೋಗಿಗಳನ್ನು ಪರೀಕ್ಷಿಸಿದ ವೈದ್ಯರಿಗೆ ಕಂಡದ್ದೇನು? ವೈದ್ಯಕೀಯ ಗ್ರಂಥಗಳಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವ ಜಾಗತಿಕ ಅಂದಾಜಿನಂತೆ, ದೀರ್ಘಕಾಲದ ಬಿ ರೋಗಿಗಳಲ್ಲಿ ನೂರಕ್ಕೆ 5ರಿಂದ 20 ಮಂದಿಗೆ ಸಿ ಕೂಡ ಇದೆ. ಸಿ ರೋಗಿಗಳಲ್ಲಿ ನೂರಕ್ಕೆ 2ರಿಂದ 10 ಮಂದಿಗೆ ಬಿ ಕೂಡ ಇದೆ. ನಾವು ಲೆಕ್ಕ ಹಾಕಿದ ಸಾವಿರಕ್ಕೆ ನಾಲ್ಕು ಎಲ್ಲಿ, ಸಾವಿರಕ್ಕೆ ಐವತ್ತರಿಂದ ಇನ್ನೂರು ಎಲ್ಲಿ!

ಈ ಅಂತರಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಇವು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಲೆಕ್ಕವಲ್ಲ. ಎರಡೂ ಇರುವವನ ಯಕೃತ್ತು ಬೇಗ ಕೆಡುತ್ತದೆ, ಅವನು ಆಸ್ಪತ್ರೆಗೆ ಬರುವುದೂ ಹೆಚ್ಚು. ಯಾವ ಗುಂಪನ್ನು ಪರೀಕ್ಷಿಸಿದರು ಎಂದು ಕೇಳದೆ ಶೇಕಡಾವಾರು ಸಂಖ್ಯೆಯನ್ನು ನಂಬಬಾರದು ಎಂಬ ಪಾಠ ಇಲ್ಲಿದೆ. ಎರಡನೆಯದು ಇನ್ನೂ ಮುಖ್ಯ. ನಾವು ಹಿಡಿದ ಊಹೆಯೇ ತಪ್ಪು. ಇವು ಎರಡು ಪ್ರತ್ಯೇಕ ನಾಣ್ಯಗಳಲ್ಲ. ಎರಡೂ ಒಂದೇ ಹೆದ್ದಾರಿಯಲ್ಲಿ ಬರುತ್ತವೆ. ಬಿ ಬಂದ ಸೂಜಿಯೇ ಸಿ ತರುವ ಸೂಜಿಯೂ ಆಗಬಹುದು. ಜೋಡಿ ಸೋಂಕು ಹೆಚ್ಚಿರುವ ಊರಿನಲ್ಲಿ ಸೂಜಿಯೋ ರಕ್ತವೋ ಸುರಕ್ಷಿತವಾಗಿಲ್ಲ ಎಂದು ಆ ಸಂಖ್ಯೆಯೇ ಸಾರಿ ಹೇಳುತ್ತದೆ.

ಆದ್ದರಿಂದಲೇ ಪದೇ ಪದೇ ರಕ್ತ ಬೇಕಾಗುವ ಥಲಸ್ಸೀಮಿಯಾ ಮತ್ತು ಹಿಮೋಫಿಲಿಯಾ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಸೂಜಿ ಹಂಚಿಕೊಂಡು ಮಾದಕ ವಸ್ತು ಚುಚ್ಚಿಕೊಳ್ಳುವವರು ಇಂಥವರಲ್ಲಿ ಜೋಡಿ ಸೋಂಕು ಹೆಚ್ಚು. ದಾವಣಗೆರೆಯಲ್ಲಿ, ಸ್ವತಃ ಹಿಮೋಫಿಲಿಯಾದೊಂದಿಗೆ ಬೆಳೆದು ವೈದ್ಯರಾದ ಡಾ. ಸುರೇಶ್ ಹನಗವಾಡಿಯವರು ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಮೂಲಕ ಇಂಥ ರೋಗಿಗಳಿಗೆ ಸುರಕ್ಷಿತ ಚಿಕಿತ್ಸೆ ಸಿಗಲೆಂದು ಶ್ರಮಿಸಿದ್ದನ್ನು ಇಲ್ಲಿ ನೆನೆಯಬೇಕು. ಬದುಕಲು ಬೇರೆಯವರ ರಕ್ತವೇ ಬೇಕಾದ ಮಗುವಿಗೆ ಆ ರಕ್ತವೇ ರೋಗ ತರಬಾರದು.

ಒಂದು ಮನೆಯಲ್ಲಿ ಇಬ್ಬರು ಬಾಡಿಗೆದಾರರು

ಎರಡು ವೈರಾಣುಗಳು ಒಂದೇ ಯಕೃತ್ತಿನಲ್ಲಿದ್ದರೆ ಏನಾಗುತ್ತದೆ? ಬಿ ವೈರಾಣುವಿನ ಆನುವಂಶಿಕ ವಸ್ತು ಡಿಎನ್‌ಎ. ಸುಮಾರು 3,200 ಅಕ್ಷರಗಳಷ್ಟು ಮಾತ್ರ ಉದ್ದ. ಅದು ಯಕೃತ್ತಿನ ಜೀವಕೋಶದ ಕೇಂದ್ರದೊಳಗೆ ಹೋಗಿ ಉಂಗುರದಂತೆ ಸುತ್ತಿಕೊಂಡು ಕುಳಿತುಬಿಡುತ್ತದೆ. ಔಷಧಿಯಿಂದ ಅದನ್ನು ಅಡಗಿಸಬಹುದು, ಪೂರ್ತಿ ಓಡಿಸುವುದು ಬಹಳ ಕಷ್ಟ. ಸಿ ವೈರಾಣುವಿನದು ಆರ್‌ಎನ್‌ಎ, ಸುಮಾರು 9,600 ಅಕ್ಷರಗಳು. ಅದು ಕೇಂದ್ರದೊಳಗೆ ಹೋಗುವುದಿಲ್ಲ, ಹೊರಗಿನ ಅಂಗಳದಲ್ಲೇ ಸಂಸಾರ ಹೂಡುತ್ತದೆ. ಹಾಗಾಗಿಯೇ ಅದನ್ನು ಪೂರ್ತಿ ಖಾಲಿ ಮಾಡಿಸಬಹುದು.

ಇಬ್ಬರೂ ಒಟ್ಟಿಗಿದ್ದಾಗ ಹೆಚ್ಚಿನ ರೋಗಿಗಳಲ್ಲಿ ಸಿ ಮೇಲುಗೈ ಪಡೆಯುತ್ತದೆ, ಬಿ ಅಡಗಿರುತ್ತದೆ. ಕೆಲವರಲ್ಲಿ ಎಷ್ಟು ಅಡಗಿರುತ್ತದೆಂದರೆ ಸಾಮಾನ್ಯ ಬಿ ಪರೀಕ್ಷೆಗೂ ಸಿಗುವುದಿಲ್ಲ. ಬಿ ಅಡಗಿದೆ ಎಂದು ಯಕೃತ್ತಿಗೆ ಲಾಭವೇನೂ ಇಲ್ಲ. ಒಂದೇ ಸೋಂಕು ಇರುವವರಿಗಿಂತ ಎರಡೂ ಇರುವವರಲ್ಲಿ ಯಕೃತ್ತು ಗಟ್ಟಿಯಾಗಿ ಸುಕ್ಕುಗಟ್ಟುವ ಸಿರೋಸಿಸ್ ಮತ್ತು ಯಕೃತ್ತಿನ ಕ್ಯಾನ್ಸರ್ ಬರುವ ಅಪಾಯ ಹೆಚ್ಚು.

ಚರಿತ್ರೆಯ ಇತ್ತೀಚಿನ ತಿರುವು ಇಲ್ಲಿದೆ. 2013ರ ಕೊನೆಯಲ್ಲಿ ಸೋಫೊಸ್ಬುವಿರ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂಥ ಹೊಸ ಗುಳಿಗೆಗಳನ್ನು ಹೆಚ್ಚಿನವರು ಹನ್ನೆರಡು ವಾರ ನುಂಗಿದರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯಲ್ಲಿ ಸಿ ಪೂರ್ತಿ ಗುಣವಾಗುತ್ತದೆ. 2015ರಿಂದ ಭಾರತದ ಕಂಪನಿಗಳು ಅದನ್ನು ಕಡಿಮೆ ಬೆಲೆಗೆ ತಯಾರಿಸಿದವು. ಆದರೆ ಆ ಗುಳಿಗೆಗಳು ಬಿ ವೈರಾಣುವನ್ನು ಮುಟ್ಟುವುದಿಲ್ಲ. ಸಿ ಮನೆ ಖಾಲಿ ಮಾಡಿದೊಡನೆ, ಅದುವರೆಗೆ ಮೂಲೆಯಲ್ಲಿ ಅಡಗಿದ್ದ ಬಿ ಎದ್ದು ನಿಂತಿತು. 2016ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇಂಥ 24 ಪ್ರಕರಣಗಳನ್ನು ವರದಿ ಮಾಡಿತು. ಇಬ್ಬರು ಸತ್ತಿದ್ದರು, ಒಬ್ಬರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು. ಸಿ ಚಿಕಿತ್ಸೆ ಆರಂಭಿಸುವ ಮುನ್ನ ಪ್ರತಿಯೊಬ್ಬರಿಗೂ ಬಿ ಪರೀಕ್ಷೆ ಮಾಡಲೇಬೇಕು ಎಂಬ ಎಚ್ಚರಿಕೆಯನ್ನು ಔಷಧಿಯ ಪೊಟ್ಟಣದ ಮಾಹಿತಿಯಲ್ಲೇ ಚೌಕಟ್ಟು ಹಾಕಿ ಅಚ್ಚು ಮಾಡಿಸಲಾಯಿತು.

ಜೋಡಿ ಸೋಂಕು ಎಷ್ಟು ಸಾಮಾನ್ಯ ಎಂಬ ಪ್ರಶ್ನೆ ಬರಿಯ ಅಂಕಿ-ಅಂಶದ ಪ್ರಶ್ನೆಯಲ್ಲ ಎಂಬುದು ಈಗ ನಿಮಗೆ ತಿಳಿದಿರಬೇಕು. ಅಪರೂಪ ಎಂದು ತಿಳಿದು ಎರಡನೆಯ ಪರೀಕ್ಷೆಯನ್ನು ಬಿಟ್ಟರೆ, ಒಂದನ್ನು ಗುಣಪಡಿಸುವ ಔಷಧಿಯೇ ಇನ್ನೊಂದನ್ನು ಎಬ್ಬಿಸಬಹುದು.

ನೆಲನೆಲ್ಲಿಯ ಕಥೆ

ಕಾಮಾಲೆ ಎಂದೊಡನೆ ನಮ್ಮಲ್ಲಿ ನೆನಪಾಗುವುದು ನೆಲನೆಲ್ಲಿ. ಅದನ್ನು ವಿಜ್ಞಾನ ಕಡೆಗಣಿಸಲಿಲ್ಲ. ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಸ್ವತಃ ಬ್ಲೂಂಬರ್ಗ್ ಅವರೊಡನೆ ಸೇರಿ 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನೆಲನೆಲ್ಲಿ ಸೇವಿಸಿದ 37 ಬಿ ಸೋಂಕಿತರಲ್ಲಿ 22 ಮಂದಿಯ ರಕ್ತದಿಂದ ಆಂಟಿಜೆನ್ ಮರೆಯಾಗಿತ್ತು. ಬರಿಯ ತೋರಿಕೆಯ ಗುಳಿಗೆ ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಜಗತ್ತು ಕುತೂಹಲದಿಂದ ನೋಡಿತು. ಆದರೆ ಬೇರೆ ಕಡೆಗಳಲ್ಲಿ ನಡೆದ ಮುಂದಿನ ಪರೀಕ್ಷೆಗಳಲ್ಲಿ ಆ ಫಲಿತಾಂಶ ಮತ್ತೆ ಸಿಗಲಿಲ್ಲ. ನೀರಿನ ಕಾಮಾಲೆ ಔಷಧಿಯಿಲ್ಲದೆಯೂ ವಾಸಿಯಾಗುವುದರಿಂದ ಯಾವ ಬೇರು ಕೊಟ್ಟರೂ ಅದಕ್ಕೆ ಹೆಸರು ಬರುತ್ತದೆ. ಬಿ ಮತ್ತು ಸಿ ವಿಷಯದಲ್ಲಿ ಹಾಗೆ ಕಾಯುತ್ತ ಕುಳಿತರೆ ಕಳೆದುಹೋಗುವುದು ಕಾಲ. ನನ್ನ ಮಾಮ 2003ರ ನಂತರ ಹಳ್ಳಿಯ ಔಷಧಿ ಕುಡಿದು, ಕಣ್ಣು ಬೆಳ್ಳಗಿದೆ ಎಂದು ನೆಮ್ಮದಿಯಿಂದಿದ್ದರು. ಹದಿನಾಲ್ಕು ವರ್ಷ ಸಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನಿಮ್ಮ ಮನೆಯ ಲೆಕ್ಕ

ಬಿ ವೈರಾಣುವಿಗೆ ಲಸಿಕೆ ಇದೆ, ಸಿ ವೈರಾಣುವಿಗೆ ಇಲ್ಲ. ಸಿ ಗುಣವಾಗುತ್ತದೆ, ಬಿ ಸುಲಭವಾಗಿ ಗುಣವಾಗುವುದಿಲ್ಲ. ಪ್ರಕೃತಿ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಕೊಟ್ಟಿಲ್ಲ.

ಮೊದಲ ಬಿ ಲಸಿಕೆಗೆ ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಅದು ದುಬಾರಿ ಆಮದು ವಸ್ತುವಾಗಿತ್ತು. ಬಳ್ಳಾರಿಗೆ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿರುವ ಹೈದರಾಬಾದಿನಲ್ಲಿ ವರಪ್ರಸಾದ್ ರೆಡ್ಡಿಯವರ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ 1997ರಲ್ಲಿ ಅದನ್ನು ಇಲ್ಲಿಯೇ ತಯಾರಿಸಿ ಬೆಲೆಯನ್ನು ಇಳಿಸಿತು. ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಅದು 2002-03ರಲ್ಲಿ ಪ್ರಾಯೋಗಿಕವಾಗಿ, 2007-08ರಲ್ಲಿ ಕರ್ನಾಟಕವೂ ಸೇರಿ 10 ರಾಜ್ಯಗಳಲ್ಲಿ, 2011ರಲ್ಲಿ ದೇಶಾದ್ಯಂತ ಬಂತು. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಹಾಕಬೇಕು. ಏಕೆಂದರೆ ಶೈಶವದಲ್ಲಿ ಬಿ ತಗುಲಿದವರಲ್ಲಿ ನೂರಕ್ಕೆ ಸುಮಾರು 90 ಮಕ್ಕಳಲ್ಲಿ ಅದು ಜೀವನವಿಡೀ ಉಳಿಯುತ್ತದೆ. ವಯಸ್ಕರಲ್ಲಿ ತಗುಲಿದರೆ ಹೆಚ್ಚಿನವರ ದೇಹವೇ ಅದನ್ನು ಓಡಿಸುತ್ತದೆ.

ಈ ಇಸವಿಗಳ ಪಕ್ಕದಲ್ಲಿ ನಿಮ್ಮ ಮನೆಯವರ ಹುಟ್ಟಿದ ಇಸವಿಗಳನ್ನು ಬರೆದು ನೋಡಿ. ಶಾಲೆಯಲ್ಲಿರುವ ನಿಮಗೆ ಲಸಿಕೆ ಸಿಕ್ಕಿರುವ ಸಂಭವ ಹೆಚ್ಚು. ಕಾಲೇಜಿನಲ್ಲಿರುವವರು ತಾಯಿ ಕಾರ್ಡನ್ನು ತೆಗೆದು ನೋಡಬೇಕು. ನಿಮ್ಮ ತಂದೆ, ತಾಯಿ, ಅಜ್ಜಿ, ತಾತ ಇವರಿಗೆ ಬಹುತೇಕ ಸಿಕ್ಕಿಲ್ಲ. ಗಾಜಿನ ಸಿರಿಂಜಿನ ಕಾಲದಲ್ಲಿ ಬೆಳೆದವರು, 2001ಕ್ಕೆ ಮೊದಲು ರಕ್ತ ಪಡೆದವರು ಅವರೇ. ಲಸಿಕೆ ಇಲ್ಲದ ತಲೆಮಾರೂ ಅಸುರಕ್ಷಿತ ಸೂಜಿಯ ತಲೆಮಾರೂ ಒಂದೇ ಎಂಬುದು ನಮ್ಮ ದುರದೃಷ್ಟ.

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಬಳ್ಳಾರಿಯವರಿಗೆ 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನರ ಬಾಯಲ್ಲಿ "ವಿಮ್ಸ್", ಊರಲ್ಲೇ ಇದೆ. ಬೇರೆ ಊರಿನವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬಹುದು. ಕೇಳುವಾಗ ಒಂದು ಮಾತು ಮರೆಯಬಾರದು: ಒಂದು ಅಕ್ಷರದ ಪರೀಕ್ಷೆ ಸಾಲದು, ಎರಡೂ ಆಗಬೇಕು. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್, ಹಚ್ಚೆ ಹಾಕಿಸುವಲ್ಲಿ ಹೊಸ ಸೂಜಿ, ದವಾಖಾನೆಯಲ್ಲಿ ಕಣ್ಣ ಮುಂದೆ ಒಡೆದ ಹೊಸ ಸಿರಿಂಜು ಇವನ್ನು ಕೇಳುವುದು ಸೊಕ್ಕಲ್ಲ. ಬಿ ವೈರಾಣು ದೇಹದ ಹೊರಗೆ ಒಣಗಿದ ರಕ್ತದಲ್ಲೂ ಏಳು ದಿನವಾದರೂ ಬದುಕಿರಬಲ್ಲದು.

ಹಾಗೆಂದು ಸೋಂಕಿರುವವರನ್ನು ದೂರ ಇಡಬೇಕಾಗಿಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದರಿಂದ, ಒಂದೇ ಕೊಡದ ನೀರು ಕುಡಿಯುವುದರಿಂದ, ಕೈ ಹಿಡಿಯುವುದರಿಂದ ಬಿ, ಸಿ ಬರುವುದಿಲ್ಲ. ಚೀಟಿ ಬಂದ ದಿನದಿಂದ ನನ್ನ ಮಾಮ ತಮ್ಮ ಲೋಟ, ತಟ್ಟೆಗಳನ್ನು ಬೇರೆ ಇಟ್ಟುಕೊಂಡಿದ್ದರು. ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿದ್ದರು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ.

ಅವರ ವೈದ್ಯರು ಎರಡು ಚೀಟಿಗಳನ್ನೂ ಮುಂದಿಟ್ಟುಕೊಂಡು ಚಿಕಿತ್ಸೆ ಆರಂಭಿಸಿದರು. ಬಿ ಅಡಗಿಸುವ ಗುಳಿಗೆ ಮೊದಲು, ಅದರ ಜೊತೆಗೆ ಸಿ ಗುಳಿಗೆ. ಹನ್ನೆರಡು ವಾರಗಳ ಚಿಕಿತ್ಸೆ ಮುಗಿದು, ಇನ್ನೂ ಹನ್ನೆರಡು ವಾರ ಕಳೆದ ಮೇಲೆ ಸಿ ರಕ್ತದಲ್ಲಿ ಇರಲಿಲ್ಲ. ಬಿ ಗುಳಿಗೆಯನ್ನು ಅವರು ಈಗಲೂ ದಿನಕ್ಕೊಂದು ನುಂಗುತ್ತಾರೆ. ಯಕೃತ್ತಿಗೆ ಆಗಿದ್ದ ಹಾನಿಯಲ್ಲಿ ಒಂದಿಷ್ಟು ಹಾಗೇ ಉಳಿದಿದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಾರೆ. ಮೊಮ್ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಕಳೆದ ಸಲ ನಾನು ಹೋದಾಗ ಅವಳು ತನ್ನ ಲಸಿಕೆಯ ಕಾರ್ಡು ತಂದು ತೋರಿಸಿದಳು. ನಂತರ ತಾತನ ಕಡೆ ತಿರುಗಿ, "ನಿಂದು ಎಲ್ಲೈತಿ ತಾತ?" ಎಂದು ಕೇಳಿದಳು.

ಮಿತ್ರರೇ, ಇಂದು ಸಂಜೆ ನಿಮ್ಮ ಮನೆಯಲ್ಲಿಯೂ ಆ ಪ್ರಶ್ನೆ ಕೇಳಿ.